ಮರಿ ಎಲ್ಲಿ?

ನಾರಿನ್ ಪೇಟೆಯಲ್ಲಿ, ಉಣ್ಣೆಯಂಗಡಿಯ ಪಕ್ಕ,
ಪುಸ್ತಕ ಆರಿಸುತ್ತಿದ್ದಳು ಟೀಚರ್ ಬುರುಲ್ಚಾ.
ಹನ್ನೊಂದು ಮನೆಯ ದುಡ್ಡು ಕರವಸ್ತ್ರದ ಗಂಟಿನಲ್ಲಿ;
ಎರಡು ಬಂದರೆ ಹೆಚ್ಚು.

ಮೊದಲು ಮೂಸಿದಳು. ರಟ್ಟಿನ ಮೂಲೆಯನ್ನು ಉಗುರಲ್ಲಿ ಕೆರೆದಳು:
ಚಿಕ್ಕವನು ತೆಮಿರ್ ಕಚ್ಚಿಯೇ ಓದುವವನು.

ಒಂದರಲ್ಲಿ ರಿಬ್ಬನ್ ಕಟ್ಟಿದ ಕುರಿ, ಹಲ್ಕಿರಿದು ನಗುತ್ತಿದೆ.
ಕಿವಿಯಲ್ಲಿ ಗುರುತಿಲ್ಲ. ಯಾರ ಮನೆಯದು,
ಕದ್ದದ್ದೇ, ಎಂದಾರು ನಮ್ಮ ಹುಡುಗರು.
ಇನ್ನೊಂದರಲ್ಲಿ ಹತ್ತು ಸೇಬು. ಹತ್ತೇ!
ಇನ್ನೂರು ಕುರಿಯಲ್ಲಿ ಒಂದು ಕಮ್ಮಿ ಎಂದು
ದೂರದಿಂದಲೇ ಹೇಳುವ ಮಕ್ಕಳಿಗೆ.

"ಇದು ತಗೊಳ್ಳಿ, ಬುದ್ಧಿ ಬೆಳೆಸುತ್ತದಂತೆ,
ಬೆನ್ನ ಮೇಲೇ ಬರೆದಿದೆ" ಎಂದ ಅಂಗಡಿಯವನು.
ಬುದ್ಧಿ ಬೆನ್ನ ಮೇಲಾ? ತಿರುವಿ ಒಳಗೆ ನೋಡಿದಳು.

ಹೆಂಗಸೊಬ್ಬಳು ಮಂಡಿಯೂರಿ ಕುದುರೆಯ ಹಾಲು ಕರೆಯುತ್ತಿದ್ದಾಳೆ.
ಮರಿ ಇಲ್ಲ.
ಮರಿ ಮೂತಿಯಿಡದೆ ಯಾವ ಕುದುರೆ ಸೊರೆ ಬಿಟ್ಟೀತು?
ಚಿತ್ರ ಬರೆದವನು ಪಟ್ಟಣದವನು, ಪಾಪ.

ಮುಚ್ಚಿಡಹೋದ ಕೈ ಅಲ್ಲೇ ನಿಂತಿತು.
ಕೇಳಿಸಿತು ಅವಳಿಗೆ, ಒಲೆಯ ಹೊಗೆ ತುಂಬಿದ ಕೋಣೆಯಲ್ಲಿ
ಹನ್ನೊಂದು ಗಂಟಲು ಒಟ್ಟಿಗೆ:
ಮರಿ ಎಲ್ಲಿ?
ಪುಟ ಹಿಂದೆ, ಪುಟ ಮುಂದೆ, ಜಗಳ.
ಗುಡ್ಡದಾಚೆ ಎಂದೊಬ್ಬಳು, ತೋಳ ಎಂದೊಬ್ಬ,
ಅಳುವುದಕ್ಕೆ ಸಿದ್ಧವಾಗಿ ಇನ್ನೊಬ್ಬಳು.

"ಇದನ್ನೇ ಕೊಡಿ" ಎಂದಳು, ಚೌಕಾಸಿ ಮರೆತು.
ಎರಡನೆಯ ಪುಸ್ತಕದ ದುಡ್ಡಿಗೆ
ಪೆನ್ಸಿಲ್ಲು ಕೊಂಡಳು.