ಎಂಟು ಎಣಿಸುವವರೆಗೆ

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ
ಕಾಲರು ಹೊಲಿದ ಕೈ ಇದು.
ಒಂದು ಸಂಜೆ ಬಾಬಾಜಾನ್ ಜೀಪಿನಿಂದ ಎಳೆದು ಹಾಕಿದ
ಹರಿದ ನೈಲಾನು, ಮದುವೆ ಶಾಮಿಯಾನದಷ್ಟು.
"ತೇಪೆ ಬೇಕಕ್ಕ. ಇದರ ಕೆಳಗೆ ಜನ ನೇತಾಡ್ತಾರೆ,
ಹೊಲಿಗೆ ಜೋಪಾನ."

ಜೋಡಿ ಹೊಲಿಗೆ ಹಾಕಿದೆ.
ತಡೆಯಿತೇ ಎಂದು ನೋಡಲು
ಹೆಸರಘಟ್ಟದ ಹುಲ್ಲುಬಯಲಿಗೆ ಒಂದು ಮುಂಜಾನೆ ಹೋದವಳು
ಇನ್ನೂ ಪೂರ್ತಿ ಇಳಿದಿಲ್ಲ.

ಇಗ್ನೇಷಿಯಸ್ ಮಾಸ್ತರು ಮೊದಲು ಕಲಿಸಿದ್ದು
ಸುಮ್ಮನಿರುವುದನ್ನು.
"ಹಿಡಿಕೆ ಒತ್ತು. ಬೆಂಕಿ ಮೇಲೆ ಹೋಯಿತಾ?
ಈಗ ಏನೂ ಆಗುವುದಿಲ್ಲ. ಎಣಿಸು."
ಒಂದು, ಎರಡು, ಮೂರು…
ಎಂಟಕ್ಕೆ ಬೆತ್ತದ ಬುಟ್ಟಿ
ಕಾಲಡಿಯಲ್ಲಿ ಸಣ್ಣಗೆ ಉಸಿರೆಳೆದುಕೊಂಡಿತು.
ಎಂಟರೊಳಗೆ ಇನ್ನೊಮ್ಮೆ ಒತ್ತಿದವರು
ಬೇಡದ ಎತ್ತರದಲ್ಲಿ ಕ್ಷಮೆ ಕೇಳುತ್ತಾರೆ.
ನಾನೂ ಕೇಳಿದ್ದೇನೆ, ಯಲಹಂಕದ ಟವರಿಗೆ,
ರೇಡಿಯೋದಲ್ಲಿ, ನಡುಗುವ ಹಿಂದಿಯಲ್ಲಿ.

"ಎಡಕ್ಕೆ ಬಲಕ್ಕೆ ಹೇಗೆ ಸಾರ್?"
"ಅದು ನಮ್ಮ ಕೈಲಿಲ್ಲಮ್ಮ. ಮೇಲೆ, ಕೆಳಗೆ, ಅಷ್ಟೇ.
ನೆಲದ ಗಾಳಿ ಕೆರೆ ಕಡೆ ಜಾರುತ್ತೆ,
ಮೇಲಿನದು ಬಲಕ್ಕೆ ಹೊರಳುತ್ತೆ.
ನಿನ್ನ ರೂಟಿನ ಬಸ್ಸು ಎಷ್ಟನೇ ಮಹಡಿಯಲ್ಲಿ ಬರುತ್ತೋ
ಅಲ್ಲಿ ಹೋಗಿ ನಿಂತುಕೋ."

ಸ್ಕೂಟಿ ಓಡಿಸಲು ಬಾರದವಳು ನಾನು.
ತಂಗಿ ಪುಟ್ಟಗೌರಿ ನಕ್ಕು ನಕ್ಕು ಪಾತ್ರೆ ಕೈಬಿಟ್ಟಳು.

ಜಕ್ಕೂರಿನ ಹಳೆ ಕೋಣೆ, ಕಿರುಗುಟ್ಟುವ ಫ್ಯಾನು, ಇಂಗ್ಲಿಷ್ ಪುಸ್ತಕ.
ನನ್ನದು ಕನ್ನಡ ಮೀಡಿಯಮ್ಮು, ಗಣಿತದಲ್ಲಿ ಮೂವತ್ತಾರು.
ಕ್ಯುಮುಲೋನಿಂಬಸ್ಸನ್ನು ಐದು ತುಂಡು ಮಾಡಿ
ರವಿಕೆಯ ಕಟಿಂಗಿನಂತೆ ಜೋಡಿಸಿಕೊಂಡೆ:
ಇದು ತೋಳು, ಇದು ಬೆನ್ನು,
ಇದರೊಳಗೆ ಹೋದರೆ ವಾಪಸಿಲ್ಲ.
ಮೆಡಿಕಲ್ಲಿನಲ್ಲಿ ಡಾಕ್ಟರು ಬಣ್ಣದ ಚುಕ್ಕೆ ತೋರಿಸಿದರು.
ನೀಲಿ ದಾರದಲ್ಲೇ ಅರವತ್ತು ಬಗೆ ವಿಂಗಡಿಸಿದವಳಿಗೆ!

ಒಂಬತ್ತು ಬೆಳಗು ಹಾಸಿದೆವು, ಒಂಬತ್ತೂ ಮಡಿಸಿದೆವು.
ಮಂಜು. ಟವರಿನವರ "ಇವತ್ತು ಬೇಡ".
ಬಾಬಾಜಾನ್ ಗಾಳಿ ನೋಡಲು ಬಿಟ್ಟ ಪುಟ್ಟ ಕೆಂಪು ಬಲೂನು
ನೆಟ್ಟಗೆ ಏರಿ, ಥಟ್ಟನೆ ಯಾರೋ ಕರೆದಂತೆ ಓಡಿಬಿಟ್ಟಿತು.
ಫ್ಲಾಸ್ಕಿನ ಟೀ ಕುಡಿದು ಮನೆಗೆ ಬಂದೆವು.
ಲಾಗ್‌ಬುಕ್ಕಿನಲ್ಲಿ ಈ ಬೆಳಗುಗಳಿಗೆ ಕಾಲಂ ಇಲ್ಲ.

ಹತ್ತನೆಯದು ಪರೀಕ್ಷೆ.
ದಿಲ್ಲಿಯಿಂದ ಬಂದವರು ಬುಟ್ಟಿಯ ಮೂಲೆಯಲ್ಲಿ
ಒಂದು ಪೆನ್ಸಿಲು ಹಿಡಿದು ಮೌನ.
ಬೆಂಕಿ ನಿಂತಾಗ ಮೇಲೆ ಎಷ್ಟು ಕೇಳಿಸುತ್ತದೆಂದರೆ
ಯಾವುದೋ ಮನೆಯ ಕುಕ್ಕರಿನ ಮೂರನೇ ವಿಷಲ್,
ತೆಲುಗಿನಲ್ಲಿ ಮಗುವಿಗೆ ಬೈಗುಳ,
ಶೀಟಿನ ಮೇಲೆ ಕೋತಿ ಓಡಿದ್ದು.
ಅಷ್ಟರಲ್ಲಿ ಬೆಸ್ಕಾಂ ತಂತಿ.
ಒತ್ತಿದೆ. ಎಣಿಸಿದೆ.
ಆರರಲ್ಲಿ ತಂತಿ ಎದೆಮಟ್ಟ,
ಏಳರಲ್ಲಿ ಪೆನ್ಸಿಲು ನಿಂತಿತು,
ಎಂಟು.
ತಂತಿ ನಮ್ಮ ನೆರಳನ್ನು ಮಾತ್ರ ಮುಟ್ಟಿತು.

ಇಳಿದದ್ದು ಇನ್ನೂ ಮನೆಗಳಿಲ್ಲದ ಒಂದು ಬಡಾವಣೆಯಲ್ಲಿ.
ಬುಟ್ಟಿ ಎರಡು ಸಲ ಕುಪ್ಪಳಿಸಿ, ಮಗ್ಗುಲಾಗಿ ನಿಂತಲ್ಲಿ
ಸುಣ್ಣ ಬಳಿದ ಕಲ್ಲು: ನಲವತ್ತೇಳು.
ಮೂವತ್ತು ನಲವತ್ತರ ಸೈಟು, ಪೂರ್ವದ ಬಾಗಿಲು.
ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ನರೆತು,
ಬಾಡಿಗೆಯಿಲ್ಲದ ನೆಲದ ಮೇಲೆ
ಹೀಗೆ ಬೆನ್ನು ಹಚ್ಚಿ ಮಲಗಿದ್ದು ಅದೇ ಮೊದಲು.
ನಾನು ಹೊಲಿದ ಬಟ್ಟೆ ಮೆಲ್ಲಗೆ ಕುಸಿಯುತ್ತ
ನಲವತ್ತೆಂಟು, ನಲವತ್ತೊಂಬತ್ತು, ಐವತ್ತನ್ನೂ ಹೊದ್ದುಕೊಂಡಿತು.

ಪರೀಕ್ಷಕರು ಪ್ಯಾಂಟಿನ ಮಣ್ಣು ಕೊಡವುತ್ತ ಏನೋ ಬರೆದರು,
ಸಹಿಯಂತೆ ಕಂಡಿತು, ಸರಿಯಾಗಿ ಕಾಣಲಿಲ್ಲ.
ಲಾಠಿ ಹಿಡಿದ ವಾಚ್‌ಮನ್ ಓಡಿಬಂದ,
ಅರ್ಧ ಕೋಪ, ಅರ್ಧ ಮಕ್ಕಳ ಮುಖ:
"ಯಾರಮ್ಮ ಇಲ್ಲಿ ಓನರು?"

ಎಣಿಸತೊಡಗಿದೆ.
ಎಂಟಾಯಿತು. ಒಂಬತ್ತೂ.
ಬಟ್ಟೆಯೊಳಗಿನ ಬಿಸಿಗಾಳಿ ಇನ್ನೂ ಹೋಗಿರಲಿಲ್ಲ.
ಅತ್ತ ಬಾಬಾಜಾನ್ ಆಗಲೇ
ಗೇಟಿನ ಬೀಗದ ಮೇಲೆ ಜಗಳ ಶುರುಮಾಡಿದ್ದ.