ಕಿವಿಯಿಲ್ಲದ ಕೋವಿ

ಮೋನಪ್ಪಾಚಾರಿ ಹಾಳೆ ಬಿಡಿಸಿ ನೆಲಕ್ಕೆ ಹಾಸಿದ.
ಐದಡಿ ಉದ್ದ, ಬಿದಿರಿನ ಕಣೆಯಂಥ ಸಣಕಲು,
ಅಮೆರಿಕದ ಹಳೇ ಕಾಡಿನವರು ಹಿಡಿದ ಚಕಮಕಿ ಕೋವಿ.
"ಇಷ್ಟುದ್ದ ಹೊತ್ತು ನಮ್ಮ ಲಂಟಾನದಲ್ಲಿ
ತಿರುಗಲಿಕ್ಕೂ ಆಗದಲ್ಲ ಮಾರಾಯ" ಎಂದೆ.
ಅವನಿಗೆ ಕೇಳಿಸಲಿಲ್ಲ.
ಸಾಗರದ ಸೊರಬ ರಸ್ತೆಯಲ್ಲಿ ನಲವತ್ತು ವರ್ಷ
ಅಡಿಗಲ್ಲಿನ ಮುಂದೆ ಕೂತ ಕಿವಿ ಅದು.
"ಕಬ್ಬಿಣ ನಂದು," ಎಂದ, "ಮರ ನಿಂದು."

ನಾನು ಗುಡಿಗಾರರ ಮನೆಯವಳು.
ಗಂಧದಲ್ಲಿ ಆನೆ, ಬೆಂಡಿನಲ್ಲಿ ಬಾಸಿಂಗ,
ಮದುವೆಗೆ ಬೇಕಾದ್ದು ಮಾಡಿದ ಕೈ.
ಆದರೂ ಅಟ್ಟದಲ್ಲೊಂದು ಬೀಟೆ ಪಟ್ಟಿಯಿತ್ತು,
ಹರಾಜಿನಲ್ಲಿ ಬಂದ ಮಂಚದ ಪಕ್ಕೆ.
ಯಾರ್ಯಾರ ನಿದ್ದೆ ಹೊತ್ತು ಸವೆದಿತ್ತೋ,
ಉಳಿ ಇಟ್ಟರೆ ಇನ್ನೂ ನೇರಳೆ ಪುಡಿ,
ಇನ್ನೂ ಸಿಹಿ ವಾಸನೆ.

ಅವನು ತಂದದ್ದು ಗಾಡಿಯ ಗಾಲಿಗೆ ಹಾಕುವ ಪಟ್ಟಿ,
ಎತ್ತೂ ಇಲ್ಲ, ಗಾಡಿಯೂ ಇಲ್ಲ, ಪಟ್ಟಿ ಮಾತ್ರ.
ಕಾಸಿ, ಸಲಾಕೆಗೆ ಸುತ್ತಿ, ಗೇಣು ಗೇಣು ಬೆಸೆದ.
ಬೆಸುಗೆ ಕೂತಿತೋ ಇಲ್ಲವೋ
ಬೇರೆಯವರು ಸದ್ದಿನಲ್ಲಿ ತಿಳಿಯುತ್ತಾರೆ;
ಇವನು ಬಣ್ಣದಲ್ಲಿ.
ಹಲಸಿನ ತೊಳೆಯಷ್ಟು ಹಳದಿಯಾದರೆ ಹೊಡಿ,
ಮುರುಗಲ ಹಣ್ಣಿನ ಕೆಂಪಿಗೆ ಇಳಿದರೆ ಕೈ ತೆಗಿ.
ಹೊರಗೆ ಎಂಟು ಪಕ್ಕ ಅರದಲ್ಲಿ ಉಜ್ಜಿದ,
ಒಳಗೆ ಏಳು ಗೀರು, ಮೆಣಸಿನ ಬಳ್ಳಿ ಹತ್ತಿದ ಹಾಗೆ.
"ನೆಟ್ಟಗೆ ಹೋಗಬೇಕಾದ ಗುಂಡು
ತಿರುಗುತ್ತಲೇ ಹೋಗಬೇಕು ತಂಗೀ" ಎಂದ,
ಎಲ್ಲರಿಗೂ ಕೇಳುವಷ್ಟು ಜೋರಾಗಿ.

ನನ್ನ ಕೆಲಸ ನಿಧಾನದ್ದು.
ನಳಿಗೆಗೆ ದೀಪದ ಮಸಿ ಹಚ್ಚಿ ಮರಕ್ಕೆ ಒತ್ತುವುದು,
ಎತ್ತಿ, ಕಪ್ಪು ತಗುಲಿದಲ್ಲಿ ಕೂದಲೆಳೆ ಹೆರೆಯುವುದು,
ಮತ್ತೆ ಮಸಿ. ಮತ್ತೆ ಒತ್ತು.
ಒಂದೂವರೆ ತಿಂಗಳು ಸೆರಗೆಲ್ಲ ಕಾಡಿಗೆ.
ಕೊನೆಗೊಂದು ಮಧ್ಯಾಹ್ನ
ತಲೆಕೆಳಗು ಮಾಡಿ ಹಿಡಿದರೂ ನಳಿಗೆ ಬೀಳಲಿಲ್ಲ.
ಇಬ್ಬರೂ ಏನೂ ಹೇಳದೆ ಚಾ ಕುಡಿದೆವು.

ಕೆನ್ನೆ ಒರಗುವ ಜಾಗಕ್ಕೆ
ಅವನನ್ನೇ ಕೂರಿಸಿ ಅಳತೆ ತೆಗೆದೆ.
ಬಲಗಡೆ ದವಡೆ ಹಲ್ಲು ನಾಲ್ಕೂ ಇಲ್ಲ,
ಕೆನ್ನೆ ಹಳ್ಳವಾಗಿದೆ.
ಅಲ್ಲಿ ಮರ ಒಂದಿಷ್ಟು ಹೆಚ್ಚು ಉಳಿಸಿದೆ.

ಕುದುರೆಯ ಬಾಯಿಗೆ ಹೊಳೆಯ ಬೆಣಚುಕಲ್ಲು,
ಜಾರದಿರಲೆಂದು ಹರಿದ ಮದ್ದಳೆಯ ಚರ್ಮದ ಚೂರು.
ದೀಪ ಆರಿಸಿ, ಬೆರಳು ಎಳೆದ.
ಕುದುರೆ ಹಾರಿತು, ಬಟ್ಟಲಿಗೆ ಕಿಡಿ ಉದುರಿತು,
ಒಗ್ಗರಣೆಯ ಸಾಸಿವೆಯಂತೆ.
"ಸದ್ದು ಹ್ಯಾಂಗಿತ್ತು?"
ಅವನ ಅಂಗೈಗೆ ಗೆಣ್ಣಿನಿಂದ ಒಂದೇ ಸಲ ತಟ್ಟಿದೆ.
ಬಹಳ ಹೊತ್ತು ಆ ಕೈ ಹಾಗೇ ಚಾಚಿಕೊಂಡಿದ್ದ.

ಉಳಿದದ್ದು ಕಿವಿ.
ಬಟ್ಟಲಿನ ಬೆಂಕಿ ನಳಿಗೆಗೆ ದಾಟುವ ತೂತು,
ಸೂಜಿ ಹೋಗುವಷ್ಟು.
ಅಷ್ಟರಲ್ಲಿ ಚುನಾವಣೆ ಬಂತು.
ಲೈಸೆನ್ಸಿದ್ದವರೆಲ್ಲ ಹಳೇ ಪಂಚೆಯಲ್ಲಿ ಕೋವಿ ಸುತ್ತಿ
ಠಾಣೆಯ ಮುಂದೆ ಸಾಲು ನಿಂತರು.
ನಮ್ಮಲ್ಲಿಗೊಬ್ಬ ಪೇದೆ ಬಂದ, ಯಾರೋ ಹೇಳಿದ್ದರಂತೆ.
ಮೋನಪ್ಪ ಕೋವಿ ಮಗ್ಗುಲಾಗಿಸಿ ತೋರಿಸಿದ:
"ಕಿವಿ ಕೊರೆದಿಲ್ಲ ಸ್ವಾಮೀ. ಇದಕ್ಕೂ ಕೇಳಿಸಲ್ಲ."
ಪೇದೆ ನಕ್ಕ. ಹೆಗಲಿಗಿಟ್ಟು, ಕೆನ್ನೆ ಒರಗಿಸಿ,
"ಎಲ್ಲೋ ಒತ್ತತ್ತೆ" ಎಂದ.
ಅವನಿಗೆ ಹಲ್ಲೆಲ್ಲ ಇದ್ದವು.
ಪುಸ್ತಕದಲ್ಲಿ ಬರಕೊಂಡ: ಅಲಂಕಾರದ ಸಾಮಾನು, ಒಂದು.

ಅಲಂಕಾರ!
ನನಗೆ ರಾತ್ರಿಯಿಡೀ ಸಿಟ್ಟು.
ಬಾಸಿಂಗ ಕಟ್ಟುವವಳಿಗೆ ಯಾಕೆ ಆ ಮಾತು ಚುಚ್ಚಿತೋ.

ಮತಎಣಿಕೆ ಮುಗಿಯಿತು, ಕೋವಿಗಳು ಮನೆಗೆ ಬಂದವು.
ನಮ್ಮದು ತಿದಿಯ ಮೇಲಿನ ಗೂಟಗಳಲ್ಲಿ ಮಲಗಿದೆ,
ಜಂಬಿಟ್ಟಿಗೆ ಬಣ್ಣಕ್ಕೆ ತಿರುಗುತ್ತಿದೆ.
ಪಕ್ಕದ ಮೊಳೆಗೆ ಬೈರಿಗೆ, ಸೂಜಿಯಷ್ಟು ಸಣ್ಣದು.
ಶನಿವಾರ ಶನಿವಾರ ಅದಕ್ಕೆ ಎಣ್ಣೆ ಸವರುತ್ತಾನೆ.
"ಯಾವಾಗ?" ಎನ್ನುತ್ತೇನೆ, ಅವನ ಬೆನ್ನಿಗೆ.