ಎಂಟರ ಎಲೆ

ಕೊಟ್ಟಾರ ಚೌಕಿ, ಮೂರನೇ ಮಹಡಿ. ಸೋಮವಾರ, ಹತ್ತೂಕಾಲು.
ಏಸಿ ಕೆಟ್ಟು ನಾಲ್ಕು ದಿನ. ಕಿಟಕಿ ತೆರೆದರೆ
ಫ್ಲೈಓವರಿನ ಹಾರ್ನು, ಮುಚ್ಚಿದರೆ ಸೆಕೆ.
ಮುಚ್ಚಿಯೇ ಕೂತಿದ್ದೇವೆ ಆರು ಮಂದಿ,
ಕೈಯಲ್ಲಿ ಇಸ್ಪೀಟಿನಂಥ ಎಲೆಗಳು:
ಒಂದು, ಎರಡು, ಮೂರು, ಐದು, ಎಂಟು, ಹದಿಮೂರು.
ನಾಲ್ಕು ಇಲ್ಲ. ಏಳು ಇಲ್ಲ.
ನನ್ನ ಹೆಚ್ಚಿನ ಕೆಲಸಗಳೆಲ್ಲ ನಾಲ್ಕೋ ಏಳೋ ಆಗಿರುತ್ತವೆ,
ಅದನ್ನು ಯಾರೂ ಕೇಳುವುದಿಲ್ಲ.

ನಿಝಾಮ್ ಓದುತ್ತಾನೆ:
ಸೊಸೈಟಿಯ ಹಳೇ ಸಾಲದ ಖಾತೆಗಳನ್ನು
ಹೊಸ ಡೇಟಾಬೇಸಿಗೆ ಸಾಗಿಸುವುದು.
ಇದು ಯಶೋಧರನ ಕೆಲಸ.
ಕರೆಂಟು ಹೋದರೂ ಅವನು ಬೆಂಕಿಪೊಟ್ಟಣ ಹುಡುಕಬಲ್ಲ ಮನೆ.
ಮೆಲ್ವಿಟಾ ಪರದೆಗೆ ಬಣ್ಣ ಕೊಡುವವಳು,
ನಾನು ಯಾರೋ ಕಟ್ಟಿದ್ದನ್ನು ತಟ್ಟಿ ತಟ್ಟಿ
ಇಲ್ಲಿ ಟೊಳ್ಳು ಎನ್ನುವವಳು.
ಆದರೂ ಎಲ್ಲರೂ ಎಲೆ ಹಾಕಬೇಕು, ನಿಯಮ ಉಂಟು.
"ಇಡೀ ತಂಡದ ಅಂದಾಜು" ಎನ್ನುತ್ತಾನೆ ನಿಝಾಮ್,
ಔಷಧಿ ಚೀಟಿ ಓದಿದ ಹಾಗೆ.

ನಿಜ ಹೇಳುತ್ತೇನೆ. ಎಂಟು ತಿಂಗಳಿಂದ
ನಾನು ಅಂದಾಜು ಮಾಡಿದ್ದು ಯಶೋಧರನ ಹೆಬ್ಬೆರಳನ್ನು.
ಅದು ಎಡಕ್ಕೆ ಸರಿದರೆ ಎರಡು, ನಡುವೆ ನಿಂತರೆ ಐದು.
ಗುರುತಿಲ್ಲದ ಮದುವೆಯ ಊಟದಲ್ಲಿ
ಪಕ್ಕದವರು ಸಾಕು ಎಂದಾಗ ನಾವೂ ಸಾಕು ಎನ್ನುವುದಿಲ್ಲವೇ, ಹಾಗೆ.
ಇವತ್ತು ಅವನು ಎಲೆಯನ್ನು ಮೊದಲೇ ಆರಿಸಿ
ಮೊಬೈಲಿನಡಿ ಮಗುಚಿ ಇಟ್ಟು
ಕಾಲರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

ತಿರುಗಿಸಿದೆವು.
ಎರಡು, ಎರಡು, ಮೂರು, ಎರಡು, ಎರಡು.
ನನ್ನದು ಎಂಟು.

"ಎಂತ ಹರಿಣಾಕ್ಷಿ, ಎಂಟಾ ಮಾರಾಯ್ತಿ?"
ಅದು ಬೈಗುಳವಲ್ಲ, ನಗುವೂ ಅಲ್ಲ.
ಎಲ್ಲರಿಗಿಂತ ದೊಡ್ಡದು ಹಾಕಿದವರು ಕಾರಣ ಹೇಳಬೇಕು.
ಅದೂ ನಿಯಮ.

ನಮ್ಮ ಅಜ್ಜ ಹೊಯ್ಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಗೂಡಿನ ಬಾಯಲ್ಲಿ ನಿಂತವ.
ಎಡಗೈಯಲ್ಲಿ ಹಂಚು, ಬಲಗೈಯ ಗೆಣ್ಣಿನಿಂದ ಒಂದು ಬಡಿತ.
ಮಣ್ಣು ಯಾವ ಗದ್ದೆಯದ್ದು, ಬೆಂಕಿ ಎಷ್ಟು ಹೊತ್ತಿನದ್ದು,
ಕೇಳಿದರೆ "ನಂಗೆಂತ ಗೊತ್ತು" ಎನ್ನುತ್ತಿದ್ದ.
ಠಣ್ ಎಂದದ್ದು ಈ ರಾಶಿಗೆ, ಡಬ್ ಎಂದದ್ದು ಆ ರಾಶಿಗೆ.
(ಅವನೇ ಬಡಿದು ಆರಿಸಿ ತಂದ ಹಂಚು
ನಮ್ಮ ಅಡುಗೆಮನೆಯಲ್ಲಿ ಹದಿನೇಳು ಮಳೆಗಾಲ ಸೋರಿತು.
ಅದನ್ನೂ ಹೇಳಬೇಕಲ್ಲ.)

ಇದು ಯಾವುದನ್ನೂ ನಾನು ಹೇಳಲಿಲ್ಲ.
ಹೇಳಿದ್ದು ಇಷ್ಟು: "ಮುಲ್ಕಿ ಶಾಖೆಯ ಲೆಡ್ಜರಿನ ಫೋಟೋ ನೋಡಿದ್ದೆ.
ಒಂದು ಕಡೆ ದೂಮಪ್ಪ, ಇನ್ನೊಂದು ಕಡೆ ದೂಮಣ್ಣ,
ಮತ್ತೊಂದು ಕಡೆ ಡಿ. ಪೂಜಾರಿ.
ಮೂರಕ್ಕೂ ಒತ್ತಿದ್ದು ಒಂದೇ ಹೆಬ್ಬೆಟ್ಟು ಅಂತ ಕಾಣ್ತದೆ,
ಅಡ್ಡ ಒಂದು ಗಾಯದ ಗೆರೆ ಉಂಟು.
ಸಾಗಿಸುವಾಗ ಯಾರ ಸಾಲ ಯಾರ ತಲೆಗೆ?"

ಫ್ಯಾನು ತಿರುಗುವುದು ಕೇಳಿಸಿತು.
"ಅದು ಡೇಟಾಬೇಸ್ ಅಲ್ಲ, ಅದು ಅವರ ಕರ್ಮ" ಎಂದ ಯಶೋಧರ.
ಎಲ್ಲ ನಕ್ಕರು, ನಾನೂ.
ಆಮೇಲೆ ಅವನೇ, ಮೆಲ್ಲಗೆ:
"ಹೀಗೆ ಎಷ್ಟು ದೂಮಪ್ಪಂದಿರು ಇದ್ದಾರೆ?"
"ಗೊತ್ತಿಲ್ಲ."

ಗೊತ್ತಿಲ್ಲ ಎನ್ನಲಿಕ್ಕೂ ಒಂದು ಎಲೆ ಉಂಟು,
ಪ್ರಶ್ನೆಯ ಗುರುತಿನದು. ಪೆಟ್ಟಿಗೆಯ ತಳದಲ್ಲಿರುತ್ತದೆ.
ಉಳಿದವುಗಳ ಮೂಲೆ ಸವೆದು ಬೆಳ್ಳಗಾಗಿವೆ,
ಅದೊಂದು ಮಾತ್ರ ಇನ್ನೂ ಅಂಗಡಿಯಿಂದ ಬಂದ ಹಾಗೆಯೇ.

ಇನ್ನೊಮ್ಮೆ ಹಾಕಿ ಎಂದ ನಿಝಾಮ್.
ನಾನು ಐದಕ್ಕೆ ಇಳಿದೆ, ಲೆಕ್ಕಕ್ಕಲ್ಲ, ಸಂಕೋಚಕ್ಕೆ.
ಯಶೋಧರ ಎಂಟು ಹಾಕಿದ್ದ.
ಒಬ್ಬರನ್ನೊಬ್ಬರು ನೋಡಿಕೊಂಡೆವು,
ಒಂದೇ ಬಾಗಿಲಲ್ಲಿ ಡಿಕ್ಕಿಯಾಗಿ
ಇಬ್ಬರೂ ದಾರಿ ಬಿಟ್ಟವರ ಹಾಗೆ.

ಬೋರ್ಡಿನ ಮೇಲೆ ಎಂಟು ಬಿತ್ತು. ಮುಂದಿನದು:
ವಯಸ್ಸಾದ ಸದಸ್ಯರಿಗೆ ಕಾಣುವ ಹಾಗೆ
ಪರದೆಯ ಅಕ್ಷರ, ಬಣ್ಣ ಬದಲಿಸುವುದು.
ಯಶೋಧರ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿಕೊಂಡ,
ಗಂಭೀರನಾದ, ಸೀಲಿಂಗು ನೋಡಿದ,
ಕೆಮ್ಮಿದ.
ಆಮೇಲೆ ಅವನ ಕಣ್ಣು ಮೆಲ್ಲನೆ ಇಳಿದು
ಮೆಲ್ವಿಟಾಳ ಹೆಬ್ಬೆರಳಿನ ಮೇಲೆ ಕೂತಿತು.